ತೂಕ ಇಳಿಸುವ ಸೂಜಿ ಅಗ್ಗವಾಗುತ್ತಿದೆ, ಚುಚ್ಚಿಸಿಕೊಳ್ಳೋರು ಯಾರು?

2025ರ ಮಾರ್ಚ್‌ನಲ್ಲಿ ಮೌಂಜಾರೊ ಎಂಬ ಇಂಜೆಕ್ಷನ್ ಭಾರತದ ಔಷಧ ಅಂಗಡಿಗಳಿಗೆ ಬಂತು. ಜೂನ್‌ನಲ್ಲಿ ವಿಗೋವಿ ಬಂತು, ಡಿಸೆಂಬರ್‌ನಲ್ಲಿ ಒಜೆಂಪಿಕ್. ಮೌಂಜಾರೊ ಬಂದು ವರ್ಷ ಕೂಡ ಆಗಿರಲಿಲ್ಲ. ಅಕ್ಟೋಬರ್ ತಿಂಗಳಲ್ಲಿ ಹಣದ ಲೆಕ್ಕದಲ್ಲಿ ದೇಶದಲ್ಲೇ ಅತಿ ಜಾಸ್ತಿ ಮಾರಾಟವಾದ ಔಷಧ ಅದೇ ಆಗಿತ್ತು. ಅದು ಹಿಂದಿಕ್ಕಿದ್ದು ಎಲ್ಲರ ಮನೆಗೂ ಒಮ್ಮೆಯಾದರೂ ಬಂದಿರುವ ಆಗ್‌ಮೆಂಟಿನ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆಯನ್ನು. ಇನ್ನು 2026ರ ಮಾರ್ಚ್‌ನಲ್ಲಿ, ವಿಗೋವಿ ಮತ್ತು ಒಜೆಂಪಿಕ್ ಎರಡರಲ್ಲೂ ಇರುವ ಸೆಮಾಗ್ಲುಟೈಡ್ ಎಂಬ ಔಷಧದ ಪೇಟೆಂಟ್ ಅವಧಿ ಭಾರತದಲ್ಲಿ ಮುಗಿಯಿತು. ಅಂದರೆ ಇಲ್ಲಿನ ಕಂಪನಿಗಳೂ ಅದನ್ನು ತಯಾರಿಸಿ ಕಡಿಮೆ ಬೆಲೆಗೆ ಮಾರಬಹುದು. ಇದಕ್ಕಾಗಿ ಡಾ. ರೆಡ್ಡೀಸ್, ಸನ್ ಫಾರ್ಮಾ, ಜೈಡಸ್ ಮೊದಲಾದವು ವರ್ಷಗಳಿಂದ ತಯಾರಿ ನಡೆಸಿದ್ದವು. ಬೆಂಗಳೂರಿನ ಬಯೋಕಾನ್ ಕೂಡ ಇದೇ ಜಾತಿಯ ಔಷಧಗಳ ತಯಾರಿಕೆಯಲ್ಲಿದೆ.

ಸುದ್ದಿ ಓದುವವರಿಗೆ ಗೊಂದಲ ಆಗುವುದು ಸಹಜ. ಒಂದು ದಿನ ಪ್ರಧಾನಿ 'ಮನ್ ಕಿ ಬಾತ್'ನಲ್ಲಿ ಬೊಜ್ಜಿನ ಬಗ್ಗೆ ಎಚ್ಚರಿಸಿ, ಅಡುಗೆ ಎಣ್ಣೆಯನ್ನು ಶೇ 10ರಷ್ಟು ಕಡಿಮೆ ಮಾಡಿ ಎನ್ನುತ್ತಾರೆ. ಇನ್ನೊಂದು ದಿನ ಸಮೋಸ, ಜಿಲೇಬಿಗೆ ಎಚ್ಚರಿಕೆ ಚೀಟಿ ಅಂಟಿಸುತ್ತಾರಂತೆ ಎಂದು ಗುಲ್ಲಾಗುತ್ತದೆ, ಹಾಗೇನಿಲ್ಲ ಎಂದು ಸರ್ಕಾರವೇ ಹೇಳಬೇಕಾಗುತ್ತದೆ. ಅದೇ ಫೋನಿನಲ್ಲಿ 'ನಿಮ್ಮ ದೇಹವನ್ನು ಇದ್ದ ಹಾಗೇ ಪ್ರೀತಿಸಿ' ಎಂಬ ರೀಲ್ ಬರುತ್ತದೆ. ಅದರ ಕೆಳಗೆ 'ಮೂರು ತಿಂಗಳಲ್ಲಿ 12 ಕೆ.ಜಿ.' ಎಂಬ ಇನ್ನೊಂದು. ಈ ಸೂಜಿ ಸಕ್ಕರೆ ಕಾಯಿಲೆಗಾ, ಬೊಜ್ಜಿಗಾ, ಇಲ್ಲ ಮದುವೆ ಫೋಟೋಗಾ? ಮೂರಕ್ಕೂ ಅದೇ ಸೂಜಿ ಬಳಕೆಯಾಗುತ್ತಿದೆ. ತೊಡಕು ಇರುವುದೂ ಅಲ್ಲೇ.

ಔಷಧ ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನ ಬೇಡ

ಊಟ ಮಾಡಿದಾಗ ನಮ್ಮ ಕರುಳಿನಿಂದ ಜಿಎಲ್‌ಪಿ-1 ಎಂಬ ಹಾರ್ಮೋನ್ ಹೊರಡುತ್ತದೆ. ಇನ್ಸುಲಿನ್ ಬಿಡು ಎಂದು ಮೇದೋಜೀರಕ ಗ್ರಂಥಿಗೆ ಹೇಳುವುದು, ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುವುದು, 'ಸಾಕು' ಎಂದು ಮೆದುಳಿಗೆ ಸುದ್ದಿ ಮುಟ್ಟಿಸುವುದು ಅದರ ಕೆಲಸ. ದೇಹ ತಯಾರಿಸುವ ಈ ಹಾರ್ಮೋನ್ ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಸೆಮಾಗ್ಲುಟೈಡ್ ಅದರದೇ ನಕಲು, ಆದರೆ ವಾರವಿಡೀ ಉಳಿಯುತ್ತದೆ. ಮೌಂಜಾರೊದಲ್ಲಿರುವ ಟಿರ್ಜೆಪಟೈಡ್ ಇಂಥ ಎರಡು ಹಾರ್ಮೋನ್‌ಗಳ ಕೆಲಸವನ್ನು ಒಟ್ಟಿಗೆ ಮಾಡುತ್ತದೆ. ಪರಿಣಾಮ ಸರಳ: ಹಸಿವು ಕಡಿಮೆ, ಊಟ ಕಡಿಮೆ, ತೂಕ ಇಳಿಕೆ.

2021ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಸೆಮಾಗ್ಲುಟೈಡ್ ತೆಗೆದುಕೊಂಡವರ ತೂಕ 68 ವಾರಗಳಲ್ಲಿ ಸರಾಸರಿ ಶೇ 15ರಷ್ಟು ಇಳಿದಿತ್ತು. ಟಿರ್ಜೆಪಟೈಡ್‌ನ ಗರಿಷ್ಠ ಡೋಸ್‌ನಲ್ಲಿ 72 ವಾರಗಳಿಗೆ ಸುಮಾರು ಶೇ 21. ಇದಕ್ಕೂ ಮುಂಚೆ ಯಾವ ತೂಕದ ಮಾತ್ರೆಯೂ ಇದರ ಹತ್ತಿರ ಬಂದಿರಲಿಲ್ಲ. ಮೊದಲೇ ಹೃದ್ರೋಗ ಇದ್ದ, ತೂಕ ಜಾಸ್ತಿ ಇದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯ ಸಂಬಂಧಿ ಸಾವು ಒಟ್ಟಾರೆ ಶೇ 20ರಷ್ಟು ಕಡಿಮೆಯಾಗಿದ್ದನ್ನು 2023ರ ಇನ್ನೊಂದು ಪ್ರಯೋಗ ತೋರಿಸಿತು. ಹಾಗಾಗಿ 'ಎಲ್ಲಾ ಸುಳ್ಳು, ಕಂಪನಿಗಳ ನಾಟಕ' ಎಂದು ತಳ್ಳಿಹಾಕುವುದು ತಪ್ಪು. ಸಕ್ಕರೆ ಕಾಯಿಲೆಯೂ ಬೊಜ್ಜೂ ಒಟ್ಟಿಗೆ ಇರುವ ಲಕ್ಷಾಂತರ ಜನರಿಗೆ ಇದು ನಿಜಕ್ಕೂ ಒಳ್ಳೆಯ ಸುದ್ದಿ.

ಒಂದೇ ಮನೆಯ ಇಬ್ಬರು

ಔಷಧ ಯಾರಿಗೆ ಎಂಬುದನ್ನು ಪರವಾನಗಿ ಹೇಳುತ್ತದೆ. ತೂಕವನ್ನು ಕೆ.ಜಿ.ಯಲ್ಲಿ ತೆಗೆದುಕೊಂಡು, ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ. ತೂಕ ಇಳಿಕೆಗಾಗಿ ಈ ಔಷಧ ಬರೆಯಬೇಕಾದರೆ ಬಿಎಂಐ 30 ದಾಟಿರಬೇಕು. ಇಲ್ಲವೇ 27 ದಾಟಿ, ಜೊತೆಗೆ ಸಕ್ಕರೆ ಕಾಯಿಲೆ, ಬಿಪಿಯಂಥ ತೊಂದರೆ ಇರಬೇಕು.

ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗಳಿಗೆ 24 ವರ್ಷ, ಎತ್ತರ 160 ಸೆಂ.ಮೀ., ತೂಕ 62 ಕೆ.ಜಿ. ಬಿಎಂಐ 24.2. ತಾಯಿಗೆ 46, ಎತ್ತರ 155 ಸೆಂ.ಮೀ., ತೂಕ 68 ಕೆ.ಜಿ. ಬಿಎಂಐ 28.3, ನಾಲ್ಕು ವರ್ಷದಿಂದ ಶುಗರ್ ಇದೆ. ನಿಯಮದ ಪ್ರಕಾರ ಔಷಧಕ್ಕೆ ಅರ್ಹರು ತಾಯಿ. ಮಗಳಿಗೆ ಇದನ್ನು ಬರೆಯಬೇಕಾದರೆ ಅವಳ ತೂಕ ಇನ್ನೂ ಹದಿನಾಲ್ಕು ಹದಿನೈದು ಕೆ.ಜಿ. ಏರಬೇಕು. ಆದರೆ ನಮ್ಮ ಊರುಗಳಲ್ಲಿ ಈ ಮನೆಯಿಂದ ಕ್ಲಿನಿಕ್‌ಗೆ ಹೋಗಿ ವಿಚಾರಿಸುವುದು ಯಾರ ಬಗ್ಗೆ? ಮೌಂಜಾರೊ ಬಂದ ಹೊಸದರಲ್ಲಿ ವಾರಕ್ಕೊಂದು ಸೂಜಿಗೆ ಡೋಸ್ ನೋಡಿಕೊಂಡು 3,500 ಅಥವಾ 4,375 ರೂಪಾಯಿ ಇತ್ತು. ತಿಂಗಳಿಗೆ ಹದಿನಾಲ್ಕರಿಂದ ಹದಿನೇಳೂವರೆ ಸಾವಿರ. ಮಧ್ಯಮ ವರ್ಗದ ಮನೆ ಇಷ್ಟು ದುಡ್ಡನ್ನು ತಾಯಿಯ ಶುಗರ್‌ಗೆ ಸುಲಭಕ್ಕೆ ಬಿಚ್ಚುವುದಿಲ್ಲ. 'ನಂಗ್ಯಾಕೆ ಈಗ, ಮಾತ್ರೆ ಇದ್ಯಲ್ಲ' ಎಂದು ತಾಯಿಯೇ ಹೇಳುತ್ತಾರೆ. ಮಗಳ ಮದುವೆ ಖರ್ಚಿನ ಪಟ್ಟಿಯಲ್ಲಾದರೆ ಅದು ಮೇಕಪ್, ಫೋಟೋಗ್ರಾಫರ್ ಸಾಲಿನಲ್ಲಿ ಆರಾಮಾಗಿ ಸೇರಿಕೊಳ್ಳುತ್ತದೆ. ಮದುವೆಗೆ ಮುಂಚಿನ ಸೌಂದರ್ಯ ಪ್ಯಾಕೇಜ್‌ಗಳಲ್ಲಿ ಕೆಲವು ಕ್ಲಿನಿಕ್‌ಗಳು ಈ ಸೂಜಿಯನ್ನು ಸೇರಿಸುತ್ತಿವೆ ಎಂಬ ವರದಿಗಳು ಆಗಲೇ ಬಂದಿವೆ.

ಇದು ಬರೀ ಊಹೆಯ ಮನೆಯಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ಮೊದಲ ಸಲ ಜನರ ಸೊಂಟದ ಸುತ್ತಳತೆಯನ್ನೂ ಅಳೆಯಿತು. ಹೊಟ್ಟೆಯ ಬೊಜ್ಜು ಇದ್ದದ್ದು ಶೇ 40ರಷ್ಟು ಮಹಿಳೆಯರಲ್ಲಿ, ಶೇ 12ರಷ್ಟು ಪುರುಷರಲ್ಲಿ. 30ರಿಂದ 49ರ ವಯಸ್ಸಿನ ಮಹಿಳೆಯರನ್ನು ಮಾತ್ರ ನೋಡಿದರೆ ಹತ್ತರಲ್ಲಿ ಐದಾರು ಮಂದಿಗೆ ಅದು ಇತ್ತು. ಅಪಾಯ ಗಟ್ಟಿಯಾಗುವುದು ಆ ವಯಸ್ಸಿನಲ್ಲಿ. ಸಮಾಜದ ಕಣ್ಣು ಬೀಳುವುದು ಅದಕ್ಕೂ ಹತ್ತು ಹದಿನೈದು ವರ್ಷ ಮುಂಚೆ, ಮದುವೆ ಮಾತುಕತೆಯ ಕಾಲದಲ್ಲಿ. ಎರಡು ಮಕ್ಕಳಾದ ಮೇಲೆ 'ಸಹಜ ಬಿಡಿ, ವಯಸ್ಸಾಯ್ತಲ್ಲ' ಎಂದು ಎಲ್ಲರೂ ಕಣ್ಣು ಬೇರೆ ಕಡೆ ತಿರುಗಿಸುತ್ತಾರೆ. ವೈದ್ಯರು ಗಾಬರಿ ಬೀಳಬೇಕಾದ ಹೊತ್ತಿಗೆ ನೆಂಟರು ಸುಮ್ಮನಾಗಿರುತ್ತಾರೆ.

ತೆಳ್ಳಗಿದ್ದರೆ ಆರೋಗ್ಯ ಅಂತಲ್ಲ

ಇಲ್ಲಿ ಇನ್ನೊಂದು ಸಿಕ್ಕು ಇದೆ. ಭಾರತೀಯರಲ್ಲಿ ತೂಕ ಕಡಿಮೆ ಇದ್ದರೂ ಕೊಬ್ಬು ಜಾಸ್ತಿ ಇರಬಹುದು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೋ ಹಾಕಿಸಿದರು. ಇಬ್ಬರ ಬಿಎಂಐ ಕೂಡ 22.3. ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ನೋಡಲು ಇಬ್ಬರೂ ತೆಳ್ಳಗೇ. ಇದೇ ಕಾರಣಕ್ಕೆ ಭಾರತದ ತಜ್ಞರು 2009ರಲ್ಲಿ ಇಲ್ಲಿನವರಿಗೆ ಬೇರೆ ಗೆರೆ ಹಾಕಿದರು: ಬಿಎಂಐ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು. ಸೊಂಟ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮೀರಬಾರದು.

ಈ ಗೆರೆಯನ್ನು ಹಿಡಿದುಕೊಂಡೇ ಒಂದು ವಾದ ಹುಟ್ಟಿದೆ. ಪರವಾನಗಿಯ 27 ಮತ್ತು 30 ಪಾಶ್ಚಾತ್ಯ ದೇಹಗಳ ಲೆಕ್ಕ, ನಮ್ಮವರಿಗೆ ಇನ್ನೂ ಮುಂಚೆಯೇ ಔಷಧ ಶುರುಮಾಡಬೇಕು ಎನ್ನುವ ವೈದ್ಯರಿದ್ದಾರೆ. ವಾದದಲ್ಲಿ ಹುರುಳಿದೆ. ಆದರೆ ಅದು ಹೊರಟಿದ್ದು ಒಳಗಿನ ಕೊಬ್ಬು, ಶುಗರ್, ಲಿವರ್ ನೋಡಿ. ಮೇಲೆ ಹೇಳಿದ ಮಗಳನ್ನೇ ತೆಗೆದುಕೊಳ್ಳಿ. 24.2 ಎಂದರೆ ಭಾರತದ ಗೆರೆಯಲ್ಲಿ 'ತೂಕ ಜಾಸ್ತಿ'. ಅವಳ ಸೊಂಟ, ರಕ್ತದ ಸಕ್ಕರೆ, ಪಿಸಿಒಎಸ್ (ಅಂಡಾಶಯದ ಹಾರ್ಮೋನ್ ತೊಂದರೆ) ಇದೆಯೋ ಇಲ್ಲವೋ ಯಾವುದನ್ನೂ ನೋಡದೆ ಬರೀ ಈ ಅಂಕಿ ಹಿಡಿದು ಸೂಜಿ ಬರೆದರೆ, ಆರೋಗ್ಯದ ಹೆಸರಿನಲ್ಲಿ ಮದುವೆ ಚಿಕಿತ್ಸೆ ಮಾಡಿದಂತಾಗುತ್ತದೆ. 2025ರ ಜನವರಿಯಲ್ಲಿ ಲ್ಯಾನ್ಸೆಟ್‌ನ ತಜ್ಞರ ಆಯೋಗ ಕೂಡ ಹೆಚ್ಚು ಕಡಿಮೆ ಇದನ್ನೇ ಹೇಳಿತು. ಬಿಎಂಐ ಒಂದನ್ನೇ ನಂಬಬೇಡಿ, ಸುತ್ತಳತೆ ಅಳೆಯಿರಿ, ಅಂಗಾಂಗಗಳಿಗೆ ತೊಂದರೆ ಆಗಿರುವ ಬೊಜ್ಜು ಬೇರೆ, ಇನ್ನೂ ಆಗದೇ ಇರುವುದು ಬೇರೆ ಎಂದು ಅದು ವಿಂಗಡಿಸಿತು.

ಈ ಕಣ್ಣು ಎಲ್ಲಿಂದ ಬಂತು

ತೆಳ್ಳಗಿರುವುದೇ ಚೆಂದ ಎಂಬುದು ನಮ್ಮಲ್ಲಿ ಹಳೇ ಮಾತೇನಲ್ಲ. ಬರಗಾಲ ಕಂಡ ನಾಡಿನಲ್ಲಿ ಮೈ ತುಂಬಿಕೊಂಡಿದ್ದರೆ ಮನೆಯಲ್ಲಿ ಹೊಟ್ಟೆಗೆ ಬಟ್ಟೆಗೆ ಇದೆ ಎಂದರ್ಥ. 'ಯಾಕೋ ಸೊರಗಿದ್ದೀಯಲ್ಲೇ, ಅತ್ತೆ ಊಟ ಹಾಕಲ್ವಾ?' ಎಂದು ತವರಿನವರು ಕೇಳುತ್ತಿದ್ದ ಕಾಲ ತೀರಾ ಹಿಂದಿನದಲ್ಲ. ಇವತ್ತಿಗೂ ರಾಜ್ಯದ ಒಂದು ಭಾಗದಲ್ಲಿ ತೂಕ ಏರಿದರೆ ಖುಷಿ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುಮಾಡಿದ್ದು ಮಕ್ಕಳಲ್ಲಿ ಅಪೌಷ್ಟಿಕತೆ ಅಷ್ಟಿತ್ತು ಎಂದೇ. ಮೊಟ್ಟೆಯಿಂದ ಫಲ ಸಿಕ್ಕಿತೋ ಇಲ್ಲವೋ ಎಂದು ನೋಡಿದ್ದು ಮಕ್ಕಳ ತೂಕ ಎಷ್ಟು ಏರಿತು ಎಂಬುದರ ಮೇಲೆ. ಅದೇ 2019-21ರ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ 24 ಮಹಿಳೆಯರ ತೂಕ ಜಾಸ್ತಿ, ಶೇ 18.7 ಮಹಿಳೆಯರ ತೂಕ ಇರಬೇಕಾದ್ದಕ್ಕಿಂತ ಕಡಿಮೆ. 15ರಿಂದ 19ರ ಹುಡುಗಿಯರಲ್ಲಿ ಶೇ 59 ಮಂದಿಗೆ ರಕ್ತಹೀನತೆ. ತೆಳ್ಳಗಾಗು ಎಂಬ ಒತ್ತಡ ಬೀಳುತ್ತಿರುವುದು ಈ ಹುಡುಗಿಯರ ಮೇಲೇ ಎನ್ನುವುದನ್ನು ಮರೆಯಬಾರದು.

ಅಭಿರುಚಿ ಎಷ್ಟು ಬೇಗ ಬದಲಾಗಬಹುದು ಎಂಬುದಕ್ಕೆ ಫಿಜಿ ದ್ವೀಪದಲ್ಲಿ ನಡೆದ ಅಧ್ಯಯನ ಒಳ್ಳೆಯ ಉದಾಹರಣೆ. ಅಲ್ಲಿಯೂ ತುಂಬಿದ ಮೈಗೇ ಬೆಲೆ ಇತ್ತು. 1995ರಲ್ಲಿ ನಡ್ರೋಗಾ ಎಂಬ ಪ್ರಾಂತ್ಯಕ್ಕೆ ಟಿವಿ ಬಂತು. ಹಾರ್ವರ್ಡ್‌ನ ಆ್ಯನ್ ಬೆಕರ್ ಟಿವಿ ಬಂದ ಹೊಸದರಲ್ಲೊಮ್ಮೆ, 1998ರಲ್ಲಿ ಇನ್ನೊಮ್ಮೆ ಅಲ್ಲಿನ ಹೈಸ್ಕೂಲು ಹುಡುಗಿಯರನ್ನು ಮಾತನಾಡಿಸಿದರು. ಊಟದ ಅಭ್ಯಾಸ ಕೆಟ್ಟಿದೆಯೇ ಎಂದು ಅಳೆಯುವ ಪ್ರಶ್ನಾವಳಿಯಲ್ಲಿ ಕಳವಳಕಾರಿ ಅಂಕ ಪಡೆದವರು ಶೇ 12.7ರಿಂದ 29.2ಕ್ಕೆ ಏರಿದ್ದರು. ತೂಕ ಇಳಿಸಲು ಬೇಕಂತಲೇ ವಾಂತಿ ಮಾಡಿಕೊಳ್ಳುವವರು ಮೊದಲು ಒಬ್ಬರೂ ಇರಲಿಲ್ಲ, ಮೂರು ವರ್ಷದ ಮೇಲೆ ಶೇ 11.3 ಇದ್ದರು. ಟಿವಿ ಒಂದೇ ಕಾರಣ ಎಂದು ಹೇಳಲಾಗದು. ಆ ವರ್ಷಗಳಲ್ಲಿ ಅಲ್ಲಿ ಬೇರೆ ಬದಲಾವಣೆಗಳೂ ಆಗಿದ್ದಿರಬಹುದು. ಆದರೆ ಟಿವಿಯಲ್ಲಿ ಕಂಡ ಹಾಗೆ ಆಗಬೇಕು ಎಂದು ಹುಡುಗಿಯರೇ ಬಾಯಿಬಿಟ್ಟು ಹೇಳಿದ್ದರು.

ಟಿವಿಯಲ್ಲಿ ಕಾಣಿಸುತ್ತಿದ್ದದ್ದು ನಟಿಯರು. ಫೋನಿನಲ್ಲಿ ಕಾಣಿಸುವುದು ಪಕ್ಕದ ಬೀದಿಯ ಹುಡುಗಿ, ಅದೂ ಫಿಲ್ಟರ್ ಹಾಕಿಕೊಂಡು. 'ಅವರು ಸಿನಿಮಾದವರು ಬಿಡು' ಎಂಬ ಸಮಾಧಾನಕ್ಕೆ ಇಲ್ಲಿ ಜಾಗವಿಲ್ಲ. ಇನ್‌ಸ್ಟಾಗ್ರಾಂ ಬಳಸುವ ಹದಿಹರೆಯದ ಮೂವರು ಹುಡುಗಿಯರಲ್ಲಿ ಒಬ್ಬಳಿಗೆ ತನ್ನ ದೇಹದ ಬಗೆಗಿನ ಬೇಸರ ಇದರಿಂದ ಜಾಸ್ತಿಯಾಗುತ್ತದೆ ಎಂದು ಫೇಸ್‌ಬುಕ್ ಕಂಪನಿಯ ಒಳಗಿನ ಸಂಶೋಧನೆಯೇ ಹೇಳಿತ್ತು. 2021ರಲ್ಲಿ ಆ ಕಾಗದಗಳು ಹೊರಬಿದ್ದಾಗಲೇ ಅದು ಜಗತ್ತಿಗೆ ಗೊತ್ತಾಗಿದ್ದು. ಇದು ಕೆಲಸ ಮಾಡುವ ರೀತಿ ಹೀಗೆ: ಒಂದು 'ಮೊದಲು-ನಂತರ' ರೀಲ್ ಮೇಲೆ ನಾಲ್ಕು ಸೆಕೆಂಡ್ ಜಾಸ್ತಿ ನಿಂತರೆ ಸಾಕು, ಅಂಥದ್ದೇ ಹತ್ತು ಬರುತ್ತವೆ. ಹತ್ತು ನೋಡಿದ ಮೇಲೆ ಊರೆಲ್ಲಾ ಸಣ್ಣಗಾಗುತ್ತಿದೆ, ನಾನೊಬ್ಬಳೇ ಉಳಿದೆ ಎಂದು ಅನಿಸತೊಡಗುತ್ತದೆ.

ಆದರೆ ಎಲ್ಲ ತಪ್ಪನ್ನೂ ಫೋನಿನ ತಲೆಗೆ ಕಟ್ಟುವುದು ಸುಲಭದ ದಾರಿ. ಮದುವೆಯ ಬಯೋಡೇಟಾದಲ್ಲಿ ಎತ್ತರ, ಬಣ್ಣ, ಮೈಕಟ್ಟಿನ ಕಾಲಂ ಇಟ್ಟವರು ನಾವೇ ಅಲ್ವಾ? ಶಾದಿ ಡಾಟ್ ಕಾಮ್ ತನ್ನ ಚರ್ಮದ ಬಣ್ಣದ ಫಿಲ್ಟರ್ ತೆಗೆದುಹಾಕಿದ್ದು 2020ರಲ್ಲಿ, ಅದೂ ಬಳಕೆದಾರರು ಸಹಿ ಸಂಗ್ರಹಿಸಿ ಗಲಾಟೆ ಮಾಡಿದ ಮೇಲೆ. 2024ರಲ್ಲಿ ಉತ್ತರ ಪ್ರದೇಶದ ಹತ್ತನೇ ತರಗತಿಯಲ್ಲಿ ಇಡೀ ರಾಜ್ಯಕ್ಕೆ ಮೊದಲು ಬಂದ ಹುಡುಗಿಯ ಫೋಟೋ ಪತ್ರಿಕೆಗಳಲ್ಲಿ ಬಂತು. ಜನ ನೋಡಿದ್ದು ಅವಳ ಅಂಕಗಳನ್ನಲ್ಲ, ಮುಖದ ಮೇಲಿನ ಕೂದಲನ್ನು.

ಗಂಡಸರು ಇದರಿಂದ ಹೊರಗಿಲ್ಲ. ಅವರ ಒತ್ತಡ ಇರುವುದು ಕೂದಲು, ಎತ್ತರ, ಸಿಕ್ಸ್ ಪ್ಯಾಕ್ ಸುತ್ತ. ಕಾನ್ಪುರದಲ್ಲಿ ಕೂದಲು ಕಸಿ ಮಾಡಿಸಿಕೊಂಡ ಇಬ್ಬರು ಎಂಜಿನಿಯರ್‌ಗಳು, ಒಬ್ಬರು 2024ರಲ್ಲಿ, ಇನ್ನೊಬ್ಬರು 2025ರಲ್ಲಿ ತೀರಿಕೊಂಡರು. ಕಸಿ ಮಾಡಿದವರು ದಂತವೈದ್ಯೆ ಎಂಬುದು ಆಮೇಲೆ ಬಯಲಾಯಿತು. ನಮ್ಮಲ್ಲೇ 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ಅವರಿಗೆ ಆಗ 21 ವರ್ಷ. ಆ ಸುದ್ದಿ ಬಂದಾಗ ಕೆಲವು ದಿನ ಕ್ಲಿನಿಕ್‌ಗಳ ಬಗ್ಗೆ ಚರ್ಚೆಯಾಯಿತು. 21ರ ಹುಡುಗಿಗೆ ಅದು ಬೇಕು ಎಂದು ಅನಿಸಿದ್ದು ಹೇಗೆ ಎಂಬ ಚರ್ಚೆ ಅಷ್ಟಾಗಿ ಆಗಲಿಲ್ಲ.

'ಒಳ್ಳೇದಕ್ಕೇ ಹೇಳೋದು'

ಇಲ್ಲಿ ಮೂರು ನಾಲ್ಕು ಕಡೆಯಿಂದ ಜಗ್ಗಾಟ ನಡೆಯುತ್ತಿದೆ. ಬೊಜ್ಜು ಒಂದು ಕಾಯಿಲೆ, ಅದನ್ನು ಸೋಮಾರಿತನ ಎಂದು ಹಂಗಿಸಬೇಡಿ, ಔಷಧ ಕೊಡಿ ಎನ್ನುವುದು ವೈದ್ಯರ ಮಾತು. ಕಂಪನಿಗಳೂ ಇದನ್ನೇ ಹೇಳುತ್ತವೆ, ಅವರಿಗೆ ಅದು ಲಾಭದ ಮಾತು ಕೂಡ. ದೇಹದ ಗಾತ್ರವನ್ನೆಲ್ಲ ಕಾಯಿಲೆ ಎನ್ನುವುದೇ ಹಂಗಿಸುವ ಹೊಸ ದಾರಿ ಎನ್ನುವುದು ಎದುರು ಪಕ್ಷ. ಇಬ್ಬರ ಮಾತಲ್ಲೂ ಅರ್ಧ ಸತ್ಯ ಇದೆ. ಸೊಂಟ ಒಂದು ಮೀಟರ್ ದಾಟಿ, ಶುಗರ್ ಏರಿ, ಮಂಡಿ ನೋವಿನಿಂದ ಮೆಟ್ಟಿಲು ಹತ್ತಲಾಗದವರಿಗೆ 'ನಿಮ್ಮ ದೇಹವನ್ನು ಪ್ರೀತಿಸಿ' ಎಂದರೆ ಅದು ಕ್ರೌರ್ಯ. 62 ಕೆ.ಜಿ.ಯ ಆರೋಗ್ಯವಂತ ಹುಡುಗಿಗೆ 'ನಿನ್ನದೊಂದು ಕಾಯಿಲೆ' ಎಂದರೆ ಅದೂ ಕ್ರೌರ್ಯವೇ.

ಮೂರನೆಯವರು ಮನೆಯವರು. 'ನಾವು ಹೇಳದೆ ಇನ್ಯಾರು ಹೇಳ್ತಾರೆ, ಅವಳ ಒಳ್ಳೇದಕ್ಕೇ ಹೇಳೋದು' ಎಂಬುದು ಅವರ ವಾದ. ನಾಚಿಕೆ ಹುಟ್ಟಿಸಿದರೆ ತೂಕ ಇಳಿಯುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಈ ನಂಬಿಕೆಯನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಅಮೆರಿಕದಲ್ಲಿ ಆರು ಸಾವಿರಕ್ಕೂ ಜಾಸ್ತಿ ಜನರನ್ನು 2006ರಿಂದ 2010ರವರೆಗೆ ಗಮನಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಶುರುವಿನಲ್ಲಿ ಬೊಜ್ಜು ಇಲ್ಲದವರಲ್ಲಿ, ತೂಕದ ಕಾರಣಕ್ಕೆ ತಮ್ಮನ್ನು ಕೀಳಾಗಿ ಕಂಡರು ಎಂದು ಹೇಳಿದವರು, ಹಾಗೆ ಹೇಳದವರಿಗಿಂತ ಎರಡೂವರೆ ಪಟ್ಟು ಹೆಚ್ಚಾಗಿ ನಂತರ ಬೊಜ್ಜಿಗೆ ಜಾರಿದ್ದರು. ಕಾರಣ ಹುಡುಕುವುದು ಕಷ್ಟವಲ್ಲ. ಎಲ್ಲರೆದುರು ನಗೆಪಾಟಲಾದವಳು ಪಾರ್ಕಿಗೆ ವಾಕಿಂಗ್ ಹೋಗುವುದನ್ನು ಬಿಡುತ್ತಾಳೆ, ಈಜುಕೊಳದ ಹತ್ತಿರ ಸುಳಿಯುವುದಿಲ್ಲ. ಎಲ್ಲರ ಜೊತೆ ಕೂತಾಗ ಅರ್ಧ ಚಪಾತಿ ತಿಂದು ಎದ್ದು, ರಾತ್ರಿ ಒಬ್ಬಳೇ ಇದ್ದಾಗ ಬಿಸ್ಕೆಟ್ ಪ್ಯಾಕೆಟ್ ಖಾಲಿ ಮಾಡುತ್ತಾಳೆ. ಡಾಕ್ಟರ ಹತ್ತಿರ ಹೋದರೆ ಮೊದಲು ಬೈಗುಳ ಎಂದು ಗೊತ್ತಿರುವುದರಿಂದ ಅಲ್ಲಿಗೂ ಹೋಗುವುದಿಲ್ಲ. ಮನೆಯವರ ಉದ್ದೇಶ ಒಳ್ಳೆಯದೇ ಇರಬಹುದು, ಫಲ ಮಾತ್ರ ಉಲ್ಟಾ.

ಮದುವೆ ತಾರೀಖಿಗೂ ಡೋಸಿಗೂ ತಾಳೆಯಿಲ್ಲ

ಅಗ್ಗದ ಸೂಜಿ ಈ ಒತ್ತಡದ ಜೊತೆ ಸೇರಿದರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು.

ಸೆಮಾಗ್ಲುಟೈಡ್ ಅನ್ನು 0.25 ಮಿಲಿಗ್ರಾಂನಿಂದ ಶುರುಮಾಡಿ, ನಾಲ್ಕು ವಾರಕ್ಕೊಮ್ಮೆ ಒಂದೊಂದು ಮೆಟ್ಟಿಲು ಏರಿಸುತ್ತಾರೆ. ಪೂರ್ತಿ ಡೋಸಾದ 2.4 ಮಿಲಿಗ್ರಾಂ ತಲುಪಲು ಹದಿನಾರು ವಾರ ಬೇಕು. ಮೊದಲ ನಾಲ್ಕು ವಾರದ ಡೋಸ್ ಹೊಟ್ಟೆಯನ್ನು ಹೊಂದಿಸಿಕೊಳ್ಳುವುದಕ್ಕೇ ಹೊರತು ತೂಕ ಇಳಿಸುವುದಕ್ಕಲ್ಲ. ಪ್ರಯೋಗದಲ್ಲಿ ಕಂಡ ಶೇ 15ರ ಇಳಿಕೆಗೆ ಒಂದು ವರ್ಷಕ್ಕಿಂತ ಜಾಸ್ತಿ ಹಿಡಿದಿತ್ತು. ನಿಶ್ಚಿತಾರ್ಥಕ್ಕೂ ಮದುವೆಗೂ ನಡುವೆ ನಮ್ಮಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳು. ಹಾಗಾಗಿ ಬೇಗ ಬೇಗ ಡೋಸ್ ಏರಿಸಿ ಎಂಬ ಒತ್ತಾಯ ಬರುತ್ತದೆ. ಏರಿಸಿದರೆ ವಾಕರಿಕೆ, ವಾಂತಿ, ಭೇದಿ ಜಾಸ್ತಿ. ತೂಕ ತುಂಬಾ ಬೇಗ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವವೂ ಹೆಚ್ಚು.

ಇಳಿಯುವುದು ಬರೀ ಕೊಬ್ಬಲ್ಲ. ಕಳೆದುಕೊಂಡ ತೂಕದಲ್ಲಿ ಕಾಲು ಭಾಗದಿಂದ ಶೇ 40ರವರೆಗೆ ಸ್ನಾಯುವೂ ಸೇರಿದ ಕೊಬ್ಬಲ್ಲದ ಭಾಗ ಇರಬಹುದು. ಇದನ್ನು ತಡೆಯಲು ಪ್ರೋಟೀನ್ ಬೇಕು, ಭಾರ ಎತ್ತುವ ವ್ಯಾಯಾಮ ಬೇಕು. ಅನ್ನ, ಸಾರು, ಎರಡು ಇಡ್ಲಿಯ ಊಟದಲ್ಲಿ ಪ್ರೋಟೀನ್ ಮೊದಲೇ ಕಡಿಮೆ. ಹಸಿವೇ ಇಲ್ಲದಾಗ ಅದರಲ್ಲೂ ಅರ್ಧ ಬಿಟ್ಟು ಏಳುತ್ತಾರೆ. ತೆಳ್ಳಗೆ ಕಂಡರೂ ಒಳಗೆ ಕೊಬ್ಬಿರುವ ಭಾರತೀಯ ದೇಹಕ್ಕೆ ಸ್ನಾಯು ಕಳೆದುಕೊಳ್ಳುವುದು ದುಬಾರಿ ವ್ಯವಹಾರ.

ಇನ್ನು ಮದುವೆ ಮುಗಿದು ಸೂಜಿ ನಿಲ್ಲಿಸಿದ ಮೇಲೆ? ಅದೇ 2021ರ ಪ್ರಯೋಗದ ಮುಂದುವರಿದ ಭಾಗದಲ್ಲಿ, ಔಷಧ ನಿಲ್ಲಿಸಿ ಒಂದು ವರ್ಷದ ಹೊತ್ತಿಗೆ ಜನ ಕಳೆದುಕೊಂಡಿದ್ದ ತೂಕದಲ್ಲಿ ಮೂರನೇ ಎರಡು ಭಾಗ ವಾಪಸ್ ಬಂದಿತ್ತು. ಇದರಲ್ಲಿ ಯಾರ ಮನೋಬಲದ ಸೋಲೂ ಇಲ್ಲ. ಹಸಿವನ್ನು ಹಿಡಿದಿಟ್ಟಿದ್ದ ಔಷಧ ಹೋದ ಮೇಲೆ ಹಸಿವು ಮರಳುತ್ತದೆ, ಅಷ್ಟೇ. ಬಿಪಿ ಮಾತ್ರೆ ಬಿಟ್ಟರೆ ಬಿಪಿ ಏರುವ ಹಾಗೆ. ಆದರೆ ಗಂಡನ ಮನೆಯಲ್ಲಿ ಇದನ್ನು ನೋಡುವ ರೀತಿಯೇ ಬೇರೆ. ಒಂದು ವರ್ಷದಲ್ಲಿ ಏಳೆಂಟು ಕೆ.ಜಿ. ಏರಿದ ಸೊಸೆಗೆ 'ಮದುವೆ ಆಗಿದ್ದೇ ತಡ, ಮೈ ಬಿಟ್ಟುಕೊಂಡ್ಳು' ಎಂಬ ಮಾತು ಬೀಳುತ್ತದೆ. ಸೂಜಿಯ ವಿಷಯ ಮುಚ್ಚಿಟ್ಟಿದ್ದರೆ ಅವಳು ಕಾರಣ ಹೇಳಲೂ ಆಗದು. ಇನ್ನೊಂದು ಕೋರ್ಸ್ ತೆಗೆದುಕೊಳ್ಳುವುದೇ ಅವಳಿಗೆ ಕಾಣುವ ದಾರಿ.

ಅಷ್ಟರಲ್ಲಿ 'ವಿಶೇಷ ಏನಾದ್ರೂ ಇದ್ಯಾ?' ಎಂಬ ಪ್ರಶ್ನೆ ಶುರುವಾಗಿರುತ್ತದೆ. ಮಗುವಿಗೆ ಪ್ರಯತ್ನಿಸುವ ಕನಿಷ್ಠ ಎರಡು ತಿಂಗಳ ಮುಂಚೆ ಸೆಮಾಗ್ಲುಟೈಡ್ ನಿಲ್ಲಿಸಬೇಕು ಎಂದು ಅದರ ಸೂಚನೆಯಲ್ಲೇ ಇದೆ. ಗರ್ಭಿಣಿಯರಿಗೆ ಈ ಔಷಧಗಳನ್ನು ಕೊಡುವುದಿಲ್ಲ. ಟಿರ್ಜೆಪಟೈಡ್ ಗರ್ಭನಿರೋಧಕ ಮಾತ್ರೆಯ ಶಕ್ತಿಯನ್ನು ಕುಂದಿಸಬಹುದು. ಹಾಗಾಗಿ ಔಷಧ ಶುರುಮಾಡಿದಾಗ ಮತ್ತು ಪ್ರತಿ ಸಲ ಡೋಸ್ ಏರಿಸಿದಾಗ ನಾಲ್ಕು ವಾರ ಬೇರೊಂದು ಗರ್ಭನಿರೋಧಕ ವಿಧಾನವನ್ನೂ ಬಳಸಬೇಕು. ಮದುವೆ ಪ್ಯಾಕೇಜ್ ಮಾರುವ ಕೌಂಟರ್‌ನಲ್ಲಿ ಈ ಮಾತನ್ನು ಬಿಡಿಸಿ ಹೇಳುವವರು ಎಷ್ಟು ಮಂದಿ ಸಿಗುತ್ತಾರೆ? ಹೊಸದಾಗಿ ಮದುವೆಯಾದವರಿಗೆ ಎಲ್ಲಕ್ಕಿಂತ ಮುಖ್ಯವಾದ ಮಾಹಿತಿ ಇದೇ.

ಕಾನೂನು ಇದೆ, ಸಂದಿಯೂ ಇದೆ

ಈ ಔಷಧಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಚೀಟಿ ಬೇಕಾದ ಔಷಧಗಳನ್ನು ಜನರಿಗೆ ನೇರವಾಗಿ ಜಾಹೀರಾತು ಮಾಡುವಂತಿಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಂತೂ ಯಾವ ಯಾವ ಕಾಯಿಲೆಗೆ ಔಷಧದ ಜಾಹೀರಾತು ಕೊಡಬಾರದು ಎಂದು ಪಟ್ಟಿ ಮಾಡಿದೆ. ಅದರಲ್ಲಿ ಬೊಜ್ಜಿನ ಹೆಸರಿದೆ, ಎತ್ತರದ್ದೂ ಇದೆ. ದೇಹದ ಬಗೆಗಿನ ಕೊರಗನ್ನು ದುಡ್ಡು ಮಾಡಿಕೊಳ್ಳುವವರು ಎಪ್ಪತ್ತು ವರ್ಷದ ಹಿಂದೆಯೂ ಇದ್ದರು ಎಂದಾಯಿತು.

ಸಂದಿ ಇರುವುದು ಇಲ್ಲಿ. ಔಷಧದ ಹೆಸರು ಹೇಳದೆ 'ಬೊಜ್ಜು ಒಂದು ಕಾಯಿಲೆ, ವೈದ್ಯರನ್ನು ಕೇಳಿ' ಎಂದು ಜಾಗೃತಿ ಪ್ರಚಾರ ಮಾಡಿದರೆ ಅದನ್ನು ಔಷಧದ ಜಾಹೀರಾತು ಎಂದು ಹಿಡಿಯುವುದು ಕಷ್ಟ. ಕ್ಲಿನಿಕ್ ತನ್ನ ಸೇವೆಯ ಬಗ್ಗೆ ಹೇಳಿಕೊಳ್ಳುತ್ತದೆ. ರೀಲ್ ಮಾಡುವವರು ತಮ್ಮ 'ಜರ್ನಿ' ಹೇಳಿಕೊಳ್ಳುತ್ತಾರೆ. ಚೀಟಿ ಇಲ್ಲದೆ ಆ್ಯಂಟಿಬಯೋಟಿಕ್ ಸಿಗುವ ನಮ್ಮ ಅಂಗಡಿಗಳಲ್ಲಿ ಸೂಜಿಗೆ ಮಾತ್ರ ಚೀಟಿ ಕೇಳುತ್ತಾರೆ ಎಂದು ನಂಬುವುದೂ ಕಷ್ಟ.

ಬಿಳಿ ಮಾಡುವ ಕ್ರೀಮುಗಳ ಕಥೆ ಇಲ್ಲಿ ನೆನಪಾಗುತ್ತದೆ. ಕಪ್ಪು ಬಣ್ಣದವರನ್ನು ಸೋತವರಂತೆ ತೋರಿಸಬಾರದು ಎಂದು ಜಾಹೀರಾತು ಮಾನದಂಡ ಮಂಡಳಿ 2014ರಲ್ಲೇ ಹೇಳಿತು. 1975ರಿಂದ ಮಾರುತ್ತಿದ್ದ ಫೇರ್ ಆ್ಯಂಡ್ ಲವ್ಲಿ 2020ರಲ್ಲಿ ಗ್ಲೋ ಆ್ಯಂಡ್ ಲವ್ಲಿ ಆಯಿತು. ಜಾಹೀರಾತಿನ ಭಾಷೆ ನಯವಾಯಿತು, ಟ್ಯೂಬ್ ಅಂಗಡಿಯಲ್ಲೇ ಉಳಿಯಿತು. ಬೇಡಿಕೆ ಹುಟ್ಟುವ ಜಾಗವನ್ನು ಮುಟ್ಟದೆ ಮಾರಾಟದ ಮಾತನ್ನು ತಿದ್ದಿದರೆ ಆಗುವುದು ಇಷ್ಟೇ.

ಮುಂದೆ ಏನಾಗಬಹುದು

ಇಲ್ಲಿಯವರೆಗೆ ಎರಡು ವಿಷಯ ಜನರನ್ನು ತಡೆದಿದ್ದವು, ಒಂದು ಬೆಲೆ, ಇನ್ನೊಂದು ಸೂಜಿಯ ಭಯ. ಬೆಲೆ ಇಳಿಯುತ್ತಿದೆ. ತೂಕ ಇಳಿಕೆಗೆಂದೇ ಸೆಮಾಗ್ಲುಟೈಡ್ ಮಾತ್ರೆಗೆ 2025ರ ಡಿಸೆಂಬರ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿದೆ. ಅಂಥ ಮಾತ್ರೆ ಇಲ್ಲಿಗೂ ಬಂದರೆ ಎರಡನೇ ತಡೆಯೂ ಹೋಗುತ್ತದೆ.

ಆಗ ಒತ್ತಡ ಕಡಿಮೆಯಾಗುತ್ತದಾ, ಎಲ್ಲರಿಗೂ ಸುಲಭಕ್ಕೆ ಸಿಗುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ನನ್ನ ಅಂದಾಜಿನಲ್ಲಿ ಜಾಸ್ತಿಯೇ ಆಗುತ್ತದೆ. ಕೂದಲಿಗೆ ಬಣ್ಣ ಹಚ್ಚುವುದು ಎಲ್ಲರ ಕೈಗೆಟುಕಿದ ಮೇಲೆ ಏನಾಯಿತು ನೋಡಿ. ನಲವತ್ತಕ್ಕೆ ಬಿಳಿ ಕೂದಲು ಬಿಟ್ಟುಕೊಂಡ ಹೆಂಗಸು 'ಯಾಕೆ ಡೈ ಹಾಕಲ್ಲ?' ಎಂಬ ಪ್ರಶ್ನೆಗೆ ಉತ್ತರ ಕೊಡುತ್ತಾ ಇರಬೇಕು. ತೂಕಕ್ಕೂ ಅದೇ ಗತಿ ಬರಬಹುದು. ಇವತ್ತು 'ನಮ್ಮ ಮನೆಯವರ ಮೈಕಟ್ಟೇ ಹೀಗೆ' ಎಂದು ಹೇಳಿ ಪಾರಾಗಬಹುದು. ಎರಡು ಸಾವಿರಕ್ಕೆ ತಿಂಗಳ ಔಷಧ ಸಿಗುವ ಕಾಲದಲ್ಲಿ 'ಅಷ್ಟಕ್ಕೂ ಮನಸ್ಸು ಮಾಡಲಿಲ್ಲ ಅಂದ್ರೆ ಹೇಗೆ' ಎಂಬ ಮಾತು ತಯಾರಿರುತ್ತದೆ. ಔಷಧ ಹೊಂದದವರು, ವಾಂತಿ ತಡೆಯಲಾಗದೆ ಬಿಟ್ಟವರು, ದುಡ್ಡಿಲ್ಲದವರು ಎಲ್ಲರ ಮೇಲೂ ಈ ಮಾತು ಬೀಳುತ್ತದೆ.

ಇನ್ನೊಂದು ದಾರಿಯೂ ಇದೆ, ಅದು ಸರ್ಕಾರದ ಕೈಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ 2025ರ ಸೆಪ್ಟೆಂಬರ್‌ನಲ್ಲಿ ಈ ಜಾತಿಯ ಔಷಧಗಳನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಅದು ಸೌಂದರ್ಯಕ್ಕಲ್ಲ, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಜೊತೆಗೆ ಹೃದಯ ಅಥವಾ ಕಿಡ್ನಿಯ ತೊಂದರೆಯೂ ಇರುವವರಿಗೆ. ಅಗ್ಗವಾದ ಔಷಧವನ್ನು ಸರ್ಕಾರ ಸಗಟಾಗಿ ಕೊಂಡು, ತಾಲ್ಲೂಕು ಆಸ್ಪತ್ರೆಯ ಬಿಪಿ-ಶುಗರ್ ವಿಭಾಗದಲ್ಲಿ ಸೊಂಟ ಅಳೆದು, ರಕ್ತ ನೋಡಿ ಕೊಟ್ಟರೆ ಅದು 46ರ ಆ ತಾಯಿಯನ್ನು ತಲುಪುತ್ತದೆ. ಮಾರುಕಟ್ಟೆಗೇ ಬಿಟ್ಟರೆ ಅದು ಮಗಳ ಮದುವೆ ಪ್ಯಾಕೇಜನ್ನೇ ಮೊದಲು ತಲುಪುತ್ತದೆ, ಏಕೆಂದರೆ ದುಡ್ಡು ಬಿಚ್ಚುವವರು ಇರುವುದು ಅಲ್ಲಿ. ರಾಜ್ಯದ ಔಷಧ ಖರೀದಿ ಪಟ್ಟಿಯಲ್ಲಿ ಸೆಮಾಗ್ಲುಟೈಡ್ ಹೆಸರು ಯಾವ ವರ್ಷ, ಯಾವ ಷರತ್ತಿನೊಂದಿಗೆ ಬರುತ್ತದೆ ಎಂಬುದನ್ನು ಗಮನಿಸುತ್ತಿರಬೇಕು.